ಕಲ್ಯಾಣ ನಾಡಿನಲ್ಲಿ ಮರಣದ ದಾಖಲೆಗಳು

ಒಂದು ಊರಿನ ಇತಿಹಾಸವನ್ನು ಬರೆಯಹೊರಟವನಿಗೆ ಹುಟ್ಟಿನ ಸುದ್ದಿಗಿಂತ ಸಾವಿನ ಸುದ್ದಿ ಬೇಗ ಕೈಗೆ ಸಿಕ್ಕುತ್ತದೆಂಬ ನಂಬಿಕೆ ನನಗೆ ಬಹುಕಾಲ ಇದ್ದಿತು. ಹುಟ್ಟುವಾಗ ಯಾರೂ ಪ್ರಸಿದ್ಧರಲ್ಲ. ಸಾಯುವಾಗ ಕೆಲವರಾದರೂ ಆಗಿರುತ್ತಾರೆ. ನಮ್ಮ ಬಸವಕಲ್ಯಾಣ, ಹುಮನಾಬಾದ ತಾಲೂಕುಗಳಲ್ಲಿ ಹಳೆಯ ಮರಣಗಳನ್ನು ಹುಡುಕತೊಡಗಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಮೊದಲಿಗೆ ನಮ್ಮ ಪೂರ್ವಿಕರ ರೀತಿಯನ್ನು ನೋಡೋಣ. ಕನ್ನಡಿಗರ ಅತ್ಯಂತ ಹಳೆಯ ನಿಧನವಾರ್ತೆಗಳು ಕಲ್ಲಿನಲ್ಲಿವೆ. ವೀರಗಲ್ಲು, ಮಾಸ್ತಿಕಲ್ಲು, ಜೈನರ ನಿಸಿದಿಗಲ್ಲು ಇವೆಲ್ಲ ಇಂಥವನು ಇಂಥ ಕಡೆ ಹೀಗೆ ಸತ್ತನೆಂದು ಹೇಳುವ ಬರಹಗಳೇ. ಬೆಂಗಳೂರಿನ ಹೆಸರು ಮೊದಲು ಕಾಣಸಿಗುವುದು ಬೇಗೂರಿನ ವೀರಗಲ್ಲಿನಲ್ಲಿ; ಒಂಬತ್ತನೆಯ ಶತಮಾನದ ಕೊನೆಗೆ ಸೇರಿದ ಆ ಕಲ್ಲು ನಾಗತ್ತರನ ಕಡೆಯವನೊಬ್ಬ ಬೆಂಗಳೂರ ಕಾಳೆಗದಲ್ಲಿ ಮಡಿದುದನ್ನು ತಿಳಿಸುತ್ತದೆ. ಇಂದಿನ ಮಹಾನಗರವು ಚರಿತ್ರೆಗೆ ಪ್ರವೇಶಿಸಿದ್ದು ಒಂದು ಸಾವಿನ ಸುದ್ದಿಯ ಮೂಲಕ! ಆತಕೂರಿನ ಕಲ್ಲಿನಲ್ಲಂತೂ ಕ್ರಿ.ಶ. 949-50ರ ಸುಮಾರಿಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮರಣೆಯಿದೆ. ನಾಯಿಗೆ ದೊರೆತ ಈ ಭಾಗ್ಯ ನಮ್ಮೂರ ಎಷ್ಟೋ ಮನುಷ್ಯರಿಗೆ ದೊರೆತಿಲ್ಲ.

ಕಲ್ಯಾಣದ ಅರಸರ ಮಾತು ಬೇರೆ. ಚಾಲುಕ್ಯ ಒಂದನೆಯ ಸೋಮೇಶ್ವರನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಮುಳುಗಿ ದೇಹತ್ಯಾಗ ಮಾಡಿದುದನ್ನು ನಾವು ಖಚಿತವಾಗಿ ಬಲ್ಲೆವು. ಬಿಲ್ಹಣ ಕವಿ ಆ ಪ್ರಸಂಗವನ್ನು ಕಾವ್ಯಕ್ಕೇ ಏರಿಸಿದ್ದಾನೆ. ಆದರೆ ಅದೇ ಕಲ್ಯಾಣದಲ್ಲಿ ನೂರು ವರ್ಷಗಳ ಅನಂತರ ಬಾಳಿದ ಬಸವಣ್ಣನವರು ಐಕ್ಯರಾದ ದಿನವನ್ನು ತಿಳಿಸುವ ಸಮಕಾಲೀನ ಶಾಸನ ನಮಗೆ ಸಿಕ್ಕಿಲ್ಲ. 1260ರ ಅರ್ಜುನವಾಡದ ಶಾಸನ ಅವರ ಹೆಸರನ್ನೂ ಮನೆತನವನ್ನೂ ಹೇಳುತ್ತದೆ, ಮರಣದ ದಿನವನ್ನಲ್ಲ. ಉಳಿದುದಕ್ಕೆಲ್ಲ ನಾವು ಹಿಂದಿನ ಕವಿಗಳ ಮೊರೆಹೊಗಬೇಕು. ಹುಮನಾಬಾದ ತಾಲೂಕಿನ ಜಲಸಂಗವಿಯ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಸುಂದರಿಯನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದುಂಟು: ಅರಸನ ಹೊಗಳಿಕೆಗೆ ಇಷ್ಟೊಂದು ತಾಳ್ಮೆಯಿಂದ ಕೈ ಎತ್ತಿದ ಈಕೆ ತನ್ನ ಊರಿನವರ ಹೆಸರನ್ನೂ ನಾಲ್ಕು ಸಾಲು ಬರೆದಿದ್ದರೆ!

ಶಾಸನಗಳ ಕಾಲ ಕಳೆದ ಮೇಲೆ ಮರಣದ ನೆನಪನ್ನು ಉಳಿಸಿಕೊಂಡದ್ದು ಆಚರಣೆ. ಹುಮನಾಬಾದದ ಮಾಣಿಕಪ್ರಭುಗಳು ಸಮಾಧಿಸ್ಥರಾದದ್ದು 1865ರಲ್ಲಿ. ವರ್ಷಾವಧಿ ಆರಾಧನೆ ನಡೆಯುತ್ತಿರುವುದರಿಂದ ಆ ತಿಥಿ ಮರೆಯಾಗಿಲ್ಲ. ದರ್ಗಾಗಳ ಉರುಸೂ ಹಾಗೆಯೇ. ಉರುಸ್ ಎಂದರೆ ಮದುವೆ. ಸಂತನ ಮರಣದ ದಿನವೇ ಆತನ ಮದುವೆಯ ದಿನ. ಕೆಲವು ಗೋರಿಗಳ ಮೇಲಿನ ಫಾರಸೀ ಪದ್ಯದ ಅಕ್ಷರಗಳ ಬೆಲೆಯನ್ನು ಕೂಡಿಸಿದರೆ ಹಿಜರಿ ವರ್ಷವೇ ಹೊರಬರುತ್ತದೆ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನ ಮೇಲೆ ಬಂದು ಏಳು ತಲೆಮಾರಿನ ಹೆಸರನ್ನು ಒಪ್ಪಿಸುತ್ತಾರೆ. ಆದರೆ ಈ ಎಲ್ಲ ವ್ಯವಸ್ಥೆಗಳಿಗೂ ಒಂದು ಕೊರತೆಯಿದೆ. ಮನೆಯ ಶ್ರಾದ್ಧದಲ್ಲಿ ತಿಥಿ ಉಳಿಯುತ್ತದೆ, ವರ್ಷ ಅಳಿಯುತ್ತದೆ. ಹೆಳವನ ಬಾಯಲ್ಲಿ ಗಂಡಸರ ಹೆಸರು ಉಳಿಯುತ್ತದೆ, ಹೆಂಗಸರ ಹೆಸರು ಬಹುಮಟ್ಟಿಗೆ ಅಳಿಯುತ್ತದೆ.

ಪತ್ರಿಕೆಗಳ ಆಸೆಯನ್ನೂ ಹೆಚ್ಚಾಗಿ ಇಟ್ಟುಕೊಳ್ಳುವಂತಿಲ್ಲ. ಕಾಸು ತೆತ್ತು ಭಾವಚಿತ್ರ ಹಾಕಿಸುವ ಶ್ರದ್ಧಾಂಜಲಿಗಳು ನಮ್ಮ ಕಡೆ ತೀರ ಈಚಿನವು. ಹಳೆಯ ಪದ್ಧತಿಯಲ್ಲಿ ಸಾವಿನ ಸುದ್ದಿ ಆಳಿನ ಬಾಯಿಂದ ಬರುತ್ತಿತ್ತು, ಇಲ್ಲವೆ ಮೂಲೆ ಹರಿದ ಕಾರ್ಡಿನಲ್ಲಿ. ಅಂಥ ಕಾರ್ಡನ್ನು ಓದಿದ ಕೂಡಲೆ ಹರಿದು ಎಸೆಯಬೇಕು, ಮನೆಯೊಳಗೆ ಇಡಬಾರದು. ಇತಿಹಾಸಕಾರನ ಪಾಲಿಗೆ ಇದಕ್ಕಿಂತ ಕ್ರೂರವಾದ ಶಾಸ್ತ್ರವನ್ನು ನಾನು ಕಾಣೆ.

ಸರಕಾರದ ಕಾಗದಗಳಿಗೆ ಬರೋಣ. 1948ರವರೆಗೆ ಈ ಪ್ರದೇಶ ಹೈದರಾಬಾದ ಸಂಸ್ಥಾನದ್ದು. ಕಲ್ಯಾಣಿ ಎಂದು ಕರೆಯಿಸಿಕೊಳ್ಳುತ್ತಿದ್ದ ನಮ್ಮೂರು ಅದರೊಳಗೆ ಒಬ್ಬ ನವಾಬರ ಜಾಗೀರು. ಹಳ್ಳಿಯಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಲೆಕ್ಕಕ್ಕೆ ಪಟವಾರಿ, ಹುಟ್ಟುಸಾವಿನ ವರದಿಯೂ ಸೇರಿದಂತೆ ಉಳಿದ ಬಂದೋಬಸ್ತಿಗೆ ಪೊಲೀಸಪಾಟೀಲ. ಇವು ಇಂದು ಮನೆತನದ ಹೆಸರುಗಳಾಗಿ ಮಾತ್ರ ಉಳಿದಿವೆ. ಭಾಷೆ ಉರ್ದು, ವರ್ಷ ಫಸಲಿ. ಫಸಲಿಗೆ 590 ಅಥವಾ 591 ಕೂಡಿಸಿದರೆ ಇಂಗ್ಲಿಷ್ ವರ್ಷ. ಆದರೆ ಹೈದರಾಬಾದದ ಫಸಲಿ ವರ್ಷ ಅಕ್ಟೋಬರಿನ ಆಜೂರ್ ತಿಂಗಳಿಂದ ಮೊದಲಾಗುವುದರಿಂದ ತಿಂಗಳನ್ನು ನೋಡದೆ ಕೂಡಿಸಿದವನು ಒಂದು ವರ್ಷ ತಪ್ಪುತ್ತಾನೆ. ಜಾಗೀರುಗಳು ರದ್ದಾದ 1949ರ ಕಾಯಿದೆಗೂ 1358 ಫಸಲಿಯ ಮುದ್ರೆಯೇ ಇದೆ. ಜಾಗೀರಿನ ದಫ್ತರಗಳು ಕೈಯಿಂದ ಕೈಗೆ ಹೋದವು, ಕೆಲವು ಗೆದ್ದಲಿಗೆ ಹೋದವು. ಸಂಸ್ಥಾನದ ಕೇಂದ್ರದ ಕಾಗದಗಳು ಈಗ ತೆಲಂಗಾಣದ ಪತ್ರಾಗಾರದಲ್ಲಿ, ಹೈದರಾಬಾದಿನ ತಾರ್ನಾಕದಲ್ಲಿವೆ.

ಇನ್ನು 1948ನೆಯ ವರ್ಷ. ಆ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೊರಟಾ ಗ್ರಾಮದ ಮೇಲೆ ರಜಾಕಾರರ ದಾಳಿಯಾಯಿತು. ಸತ್ತವರು ಇನ್ನೂರಕ್ಕೂ ಹೆಚ್ಚೆಂದು ಜನ ಹೇಳುತ್ತಾರೆ. ಅಲ್ಲಿ ಈಗ ಸ್ಮಾರಕವಿದೆ. ಅದರ ಅನಾವರಣ 2023ರಲ್ಲಿ ನಡೆಯಿತು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಪ್ರತೀಕಾರಕ್ಕೆ ಬಲಿಯಾದವರು ಮುಸಲ್ಮಾನರು. ಪಂಡಿತ ಸುಂದರಲಾಲರ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜು ಮಾಡಿ, ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಆ ವರದಿ ಹಲವು ದಶಕ ಪ್ರಕಟವಾಗಲಿಲ್ಲ. ವರದಿ ಮಾಡಬೇಕಾದ ಪಾಟೀಲನೇ ಓಡಿಹೋದ, ಅಥವಾ ತಾನೇ ಸತ್ತ ಹಳ್ಳಿಯಲ್ಲಿ ಯಾರ ಸಾವನ್ನು ಯಾರು ಬರೆಯಬೇಕು? ಎರಡೂ ಕಡೆಯ ಸತ್ತವರು ಅಂದಾಜಿನ ಅಂಕಿಗಳಾಗಿ ಉಳಿದರು.

ಇದನ್ನು ನಾನು ಗ್ರಂಥಗಳಿಂದ ಮಾತ್ರ ಕಲಿತವನಲ್ಲ. ನಮ್ಮ ಮುತ್ಯಾ ಆ ವರ್ಷದ ಬೇಸಗೆಯಲ್ಲಿ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದವರು ಮರಳಲಿಲ್ಲ. ಆ ದಿನಗಳಲ್ಲಿ ಅನೇಕರು ಹಾಗೆ ಹೋಗಿ ಮುಂಬಯಿ ಪ್ರಾಂತದ ನೆಲದಲ್ಲಿ ತಲೆಮರೆಸಿಕೊಂಡಿದ್ದರು. ಗಲಭೆ ಅಡಗಿದ ಮೇಲೆ ಬಂದರು. ಇವರು ಬರಲಿಲ್ಲ, ಸುದ್ದಿಯೂ ಬರಲಿಲ್ಲ. ನಮ್ಮ ಆಯಿ ಬಳೆ ತೆಗೆಯಲಿಲ್ಲ. ಯಾರಾದರೂ ಕೇಳಿದರೆ, “ಬಂದರ ಅವರು ಬರ್ತಾರ, ಇಲ್ಲಂದ್ರ ಸುದ್ದಿ ಬರ್ತದ. ಎರಡೂ ಬಂದಿಲ್ಲಲ್ಲ” ಎನ್ನುತ್ತಿದ್ದಳು. ಮಹಾಲಯ ಅಮಾವಾಸ್ಯೆಯಂದು, ತಿಥಿ ತಿಳಿಯದವರಿಗೂ ಸಲ್ಲುವ ಆ ದಿನ, ಹಿರಿಯರಿಗೆ ಎಡೆ ಇಡುವಾಗ ಮುತ್ಯಾನ ಹೆಸರು ತೆಗೆಯಲು ಬಿಡುತ್ತಿರಲಿಲ್ಲ. 1979ರಲ್ಲಿ ಆಕೆ ತೀರಿಕೊಂಡಾಗ ಓಣಿಯ ಹಿರಿಯರಲ್ಲಿ ಜಿಜ್ಞಾಸೆ ನಡೆದು, ಕೊನೆಗೆ ಹಸಿರು ಸೀರೆ ಉಡಿಸಿ ಮುತ್ತೈದೆಯಾಗಿಯೇ ಕಳಿಸಿಕೊಟ್ಟರು.

ವಿಷಯ ಮತ್ತೆ ಮೇಲೆದ್ದದ್ದು 2009ರಲ್ಲಿ, ಹೊಲದ ನಿಮಿತ್ತ. ನಾಲ್ಕು ಎಕರೆ ಇನ್ನೂ ಮುತ್ಯಾನ ಹೆಸರಿನಲ್ಲಿತ್ತು. ದೊಡ್ಡಪ್ಪನ ಮಗ ಬಂದು, “ತಮ್ಮಾ, ಸಾವಿನ ದಾಖಲಿ ಇಲ್ದ ಪೌತಿ ಆಗೂದಿಲ್ಲ ಅಂತಾರ. ನೀ ಓದಿದಾವ, ಎಲ್ಲಾದ್ರೂ ಹುಡುಕು” ಎಂದ. ಪೌತಿ ಎಂಬ ಮಾತು ಅರಬ್ಬಿಯ ಫೌತ್‌ನಿಂದ ಬಂದದ್ದು. ಅದರ ಅರ್ಥವೇ ಸಾವು. ಕಚೇರಿಯಲ್ಲಿ ದಿನವೂ ಆಡುವ ಮಾತಿನ ಒಳಗೆ ಸಾವು ಕುಳಿತಿರುವುದನ್ನು ಕನ್ನಡ ಕಲಿಸುತ್ತಿದ್ದ ನಾನೂ ಅಂದೇ ಗಮನಿಸಿದ್ದು. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರ ಇದೇ ಕಲ್ಯಾಣದವನು. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ಹುಟ್ಟಿನಿಂದ, ತಂದೆಯ ಸಾವಿನಿಂದಲ್ಲ ಎಂದು ವಾದಿಸಿದವನು. ಅವನ ಊರಿನಲ್ಲಿಯೇ ನಾವು ಸಾವಿನ ಕಾಗದಕ್ಕಾಗಿ ಅಲೆಯತೊಡಗಿದೆವು.

ಕಾನೂನಿನ ದಾರಿ ಹೀಗಿದೆ. ಜನನ ಮರಣ ನೋಂದಣಿ ಅಧಿನಿಯಮ 1969ರದು. ಇಪ್ಪತ್ತೊಂದು ದಿನದೊಳಗೆ ತಿಳಿಸಿದರೆ ಸರಿ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ಅದು ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಅಧಿಕಾರವಾಗಿತ್ತು. 2023ರ ತಿದ್ದುಪಡಿಯ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರದಾಗಿದೆ. ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು ನ್ಯಾಯಾಲಯ ಭಾವಿಸಬಹುದು, ಆದರೆ ಯಾವ ದಿನ ಸತ್ತನೆಂಬುದನ್ನು ಅದು ಊಹಿಸಿ ಕೊಡುವುದಿಲ್ಲ. ಹಳೆಯ ನಮೂದನ್ನು ಹುಡುಕಿಸಿ ನಕಲು ಪಡೆಯುವ ಹಕ್ಕು ಎಲ್ಲರಿಗೂ ಉಂಟು. ಆ ನಕಲಿನಲ್ಲಿ ಸಾವಿನ ಕಾರಣವನ್ನು ಮಾತ್ರ ತೋರಿಸುವಂತಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಮರಣದ ದಾಖಲೆ ಸಿಕ್ಕುವುದು ಸತ್ತವನ ಊರಿನಲ್ಲಲ್ಲ, ಸಾವು ಸಂಭವಿಸಿದ ಊರಿನಲ್ಲಿ. ಇಷ್ಟು ಸಣ್ಣ ಸಂಗತಿ ಹೊಳೆಯದೆ ನಮ್ಮವರು ಅರವತ್ತು ವರ್ಷ ಸ್ವಂತ ತಾಲೂಕಿನ ಕಚೇರಿಯ ಬಾಗಿಲಲ್ಲೇ ನಿಂತಿದ್ದರು.

ಗಡಿಯಾಚೆಯ ಪುರಸಭೆಗಳು ಆಗ ಬ್ರಿಟಿಷ್ ಪದ್ಧತಿಯವು, ವರ್ಷವಾರು ರಿಜಿಸ್ಟರುಗಳಿದ್ದವು. ಒಂದು ಊರಿನ ಕಚೇರಿಯಲ್ಲಿ ಮೂರು ದಿನ ಕುಳಿತೆ. ಬರಹ ಮರಾಠಿ, ಅಲ್ಲಲ್ಲಿ ಮೋಡಿಯ ಎಳೆತ. 1948ರ ಆಗಸ್ಟ್ ಕೊನೆಯ ವಾರದ ಪುಟದಲ್ಲಿ ಮುತ್ಯಾನ ಹೆಸರು ಮರಾಠಿ ಉಚ್ಚಾರಕ್ಕೆ ತಿರುಗಿ ನಿಂತಿತ್ತು. ಊರು ಕಲ್ಯಾಣಿ, ನಿಜಾಮ ಸಂಸ್ಥಾನ, ವಯಸ್ಸು ಅಂದಾಜು ಮೂವತ್ತೈದು, ಕಾರಣ ಜ್ವರ. ನಮ್ಮ ಲೆಕ್ಕಕ್ಕೆ ಸರ್ವಧಾರಿ ಸಂವತ್ಸರದ ಶ್ರಾವಣ ಬಹುಳ, ಸಂಸ್ಥಾನದ ಲೆಕ್ಕಕ್ಕೆ 1357 ಫಸಲಿ, ಮಸೀದಿಯ ಲೆಕ್ಕಕ್ಕೆ 1367ರ ಶವ್ವಾಲ್.

ತಿಳಿಸಿದವರ ಹೆಸರಿನ ಕಾಲಮ್ಮಿನಲ್ಲಿ ಅಲ್ಲಿಯ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ಓಣಿಯ ಮುಸಲ್ಮಾನರೊಬ್ಬರ ಹೆಸರು, ಹೆಬ್ಬೆಟ್ಟಿನ ಗುರುತು. ಅವರ ಮೊಮ್ಮಕ್ಕಳು ಇನ್ನೂ ನಮ್ಮ ನೆರೆಯವರಾದ್ದರಿಂದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆಸ್ಪತ್ರೆಗೆ ಸೇರಿಸಿದವರು, ಮಣ್ಣು ಮಾಡಿಸಿದವರು ಅವರೇ ಇರಬೇಕು. ಊರಿಗೆ ಸುದ್ದಿ ಏಕೆ ಮುಟ್ಟಿಸಲಿಲ್ಲವೆಂದು ಒಂದು ಗಳಿಗೆ ಸಿಟ್ಟು ಬಂತು. ದಿನಾಂಕವನ್ನು ಇನ್ನೊಮ್ಮೆ ನೋಡಿದೆ. ಮೂರನೆಯ ವಾರಕ್ಕೆ, ಸೆಪ್ಟೆಂಬರ್ 13ಕ್ಕೆ, ಸೈನ್ಯ ಗಡಿ ದಾಟಿತ್ತು. ಅದಾದ ಮೇಲೆ ಊರಿಗೆ ಬರುವ ಸ್ಥಿತಿ ಅವರದಾಗಿರಲಿಲ್ಲ. ಅವರು ಹಿಂತಿರುಗಲೂ ಇಲ್ಲ. ಅವರ ಮನೆಯವರು ಕೂಡ ಅವರ ಸಾವಿನ ದಿನವನ್ನು ತಿಳಿಯರು. ಅವರಿಗಾಗಿ ಅದೇ ಕಚೇರಿಯಲ್ಲಿ ಇನ್ನೆರಡು ದಿನ ಹುಡುಕಿದೆ, ಸಿಗಲಿಲ್ಲ.

ದೂರದೇಶದ ಸಾವಿನ ಸುದ್ದಿ ತಡವಾಗಿ ಬಂದರೆ ಏನು ಮಾಡಬೇಕೆಂಬುದನ್ನು ಯಾಜ್ಞವಲ್ಕ್ಯನೂ ಚರ್ಚಿಸಿದ್ದಾನೆ, ವಿಜ್ಞಾನೇಶ್ವರನೂ ವಿವರಿಸಿದ್ದಾನೆ. ಅವಧಿ ಮೀರಿದ್ದರೆ ನೀರು ಬಿಟ್ಟರೆ ಸಾಕು. ಅರವತ್ತೊಂದು ವರ್ಷದ ಮೇಲೆ ನಾವು ನೀರು ಬಿಟ್ಟೆವು. ಅಣ್ಣ ನಕಲನ್ನು ತಹಸೀಲಿಗೆ ಒಯ್ದು ಪೌತಿ ಮಾಡಿಸಿದ.

ಆ ಓಡಾಟದಲ್ಲಿ ಆಯಿಯ ಮರಣದ ನಮೂದೂ ಹೊರಬಂತು. ಗ್ರಾಮಲೆಕ್ಕಿಗರು 1979ರಲ್ಲಿ ಚೊಕ್ಕವಾಗಿ ಬರೆದದ್ದು. ವೈವಾಹಿಕ ಸ್ಥಿತಿಯ ಕಾಲಮ್ಮಿನಲ್ಲಿ ‘ವಿಧವೆ’ ಎಂದಿಲ್ಲ, ‘ವಿವಾಹಿತೆ’ ಎಂದಿದೆ. ಈಗ ಕೈಯಲ್ಲಿರುವ ಎರಡು ಸರಕಾರೀ ದಾಖಲೆಗಳಲ್ಲಿ ಒಂದು ತಪ್ಪು. ತಪ್ಪು ನಮೂದನ್ನು ತಿದ್ದಿಸಲು ಅದೇ ಅಧಿನಿಯಮದಲ್ಲಿ ಅವಕಾಶವಿದೆ. ಅಣ್ಣ ಅರ್ಜಿಯ ಫಾರಮನ್ನೂ ತಂದುಕೊಟ್ಟಿದ್ದ. ಅದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿ, ತುಂಬದೆ ಇದೆ.