ಹುಷಾರಿಲ್ಲ ಅಂತ ಹೇಳಿದ್ದೆನಲ್ಲ!

ಇಂಗ್ಲೆಂಡಿನ ದಕ್ಷಿಣ ತೀರದ ಹತ್ತಿರ ವಿಂಚೆಲ್ಸಿ ಎಂಬ ಪುಟ್ಟ ಊರಿದೆ. ಅಲ್ಲಿನ ಸೇಂಟ್ ಥಾಮಸ್ ಚರ್ಚಿನ ಅಂಗಳದಲ್ಲಿ ಒಂದು ಗೋರಿ. ಕಲ್ಲಿನ ಮೇಲೆ ಕೆತ್ತಿರುವ ಸಾಲು ಐರಿಷ್ ಭಾಷೆಯಲ್ಲಿರುವುದರಿಂದ ಆ ಊರಿನ ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಹೇಳುವುದಾದರೆ, 'ನಂಗೆ ಹುಷಾರಿಲ್ಲ ಅಂತ ಹೇಳಿದ್ದೆನಲ್ಲ!'

ಗೋರಿಯಲ್ಲಿರುವವರು ಸ್ಪೈಕ್ ಮಿಲಿಗನ್. ತಮ್ಮ ಕಲ್ಲಿನ ಮೇಲೆ ಈ ಮಾತು ಇರಬೇಕೆಂದು ಅವರು ಬದುಕಿದ್ದಾಗಲೇ ತಮಾಷೆಯಾಗಿ ಹೇಳುತ್ತಿದ್ದರು. ಪವಿತ್ರ ಭೂಮಿಯಲ್ಲಿ ಇಂಥ ಹಾಸ್ಯ ಇಂಗ್ಲಿಷಿನಲ್ಲಿ ಬೇಡವೆಂದು ಚರ್ಚಿನ ಆಡಳಿತ ಒಪ್ಪಲಿಲ್ಲ. ಕೊನೆಗೆ ಐರಿಷಿನಲ್ಲಿ ಬರೆಸುವುದೆಂದು ರಾಜಿಯಾಯಿತು. 2002ರಲ್ಲಿ ತೀರಿಕೊಂಡವರ ತಲೆಯ ಬಳಿ ಈ ಸಾಲು ಬರುವಾಗ 2004 ಆಗಿತ್ತು. ಬದುಕಿಡೀ ಇಂಗ್ಲಿಷಿನಲ್ಲಿ ಬರೆದು ಬ್ರಿಟನ್ನನ್ನು ನಗಿಸಿದ ಮನುಷ್ಯನ ಕೊನೆಯ ನಗೆಚಾಟಿಕೆ ಅನುವಾದದಲ್ಲಿ ಉಳಿಯಿತು. ಇದು ಹೀಗಾಗಲು ಕಾರಣ ಹುಡುಕುತ್ತ ಹೋದರೆ ದಾರಿ ಮಹಾರಾಷ್ಟ್ರಕ್ಕೆ ಬಂದು ಮುಟ್ಟುತ್ತದೆ.

ಟೆರೆನ್ಸ್ ಅಲನ್ ಮಿಲಿಗನ್ ಹುಟ್ಟಿದ್ದು 1918ರ ಏಪ್ರಿಲ್ 16ರಂದು, ಅಹ್ಮದ್‌ನಗರದಲ್ಲಿ. ತಂದೆ ಲಿಯೊ ಐರ್ಲೆಂಡಿನ ಸ್ಲೈಗೋದವರು, ಬ್ರಿಟಿಷ್ ಫಿರಂಗಿ ದಳದ ಸಿಪಾಯಿ. ತಾಯಿ ಫ್ಲಾರೆನ್ಸ್ ಇಂಗ್ಲಿಷರು. ಲಿಯೊಗೆ ಬಂದೂಕಿಗಿಂತ ರಂಗದ ಮೇಲೆ ಪ್ರೀತಿ ಹೆಚ್ಚು. ದಂಡಿನ ಮನರಂಜನೆ ಕಾರ್ಯಕ್ರಮಗಳಲ್ಲಿ ಹಾಡಿ ಕುಣಿಯುತ್ತಿದ್ದರು. ಹುಡುಗ ಪುಣೆಯ ದಂಡು ಪ್ರದೇಶದಲ್ಲಿ ಬೆಳೆದ, ಅಲ್ಲಿನ ಕಾನ್ವೆಂಟಿಗೆ ಹೋದ, ಆಮೇಲೆ ರಂಗೂನಿನಲ್ಲಿ ಓದಿದ. 1930ರ ದಶಕದ ಆರಂಭದಲ್ಲಿ ಸೈನ್ಯ ಖರ್ಚು ಕಡಿಮೆ ಮಾಡಿದಾಗ ಕುಟುಂಬ ಲಂಡನ್ನಿಗೆ ಮರಳಿತು. 'ಮರಳಿತು' ಎನ್ನುವುದು ತಂದೆತಾಯಿಗಳಿಗೆ ಸರಿ. ಹುಡುಗನಿಗೆ ಅದು ನೋಡದ ದೇಶ. ಬಿಸಿಲು, ಆಳುಕಾಳು, ಬಯಲು ಎಲ್ಲ ಹೋಗಿ, ದಕ್ಷಿಣ ಲಂಡನ್ನಿನ ಕಿರಿದಾದ ಬಾಡಿಗೆ ಮನೆ ಮತ್ತು ಮಂಜು ಬಂತು.

ದಂಡಿನ ಮಕ್ಕಳ ಇಂಗ್ಲಿಷೇ ಬೇರೆ. ಅದರಲ್ಲಿ 'ಚಾ' ಇತ್ತು, 'ಪಕ್ಕಾ' ಇತ್ತು, 'ದೇಖೋ' ಇತ್ತು. ಸಿಪಾಯಿಗಳು ತಾಯ್ನಾಡನ್ನು ಪ್ರೀತಿಯಿಂದ 'ಬ್ಲೈಟಿ' ಎನ್ನುತ್ತಿದ್ದುದು ನಮ್ಮ 'ವಿಲಾಯತಿ'ಯ ಅಪಭ್ರಂಶ. ಇನ್ನೊಂದು ಪದವಂತೂ ಈ ಕಥೆಗೆಂದೇ ಹುಟ್ಟಿದಂತಿದೆ. ಮುಂಬೈಯಿಂದ ನಾಸಿಕದ ಕಡೆಗೆ ರೈಲಿನಲ್ಲಿ ಹೋಗುವವರು ದೇವಳಾಲಿ ಎಂಬ ನಿಲ್ದಾಣ ದಾಟುತ್ತಾರೆ. ಅಲ್ಲಿ ಬ್ರಿಟಿಷರ ದೊಡ್ಡ ಶಿಬಿರವಿತ್ತು. ಅವಧಿ ಮುಗಿದ ಸಿಪಾಯಿಗಳು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಸೆಕೆ, ಜ್ವರ, ಕೆಲಸವಿಲ್ಲದ ಬೇಸರಗಳಲ್ಲಿ ಕೆಲವರ ತಲೆ ಕೆಡುತ್ತಿತ್ತು. ಹೀಗೆ 'ದೇವಳಾಲಿ' ಇಂಗ್ಲಿಷಿನ 'ಡೂಲ್ಯಾಲಿ' ಆಯಿತು. ಬುದ್ಧಿ ಸ್ಥಿಮಿತದಲ್ಲಿಲ್ಲದವರನ್ನು ಇಂಗ್ಲೆಂಡಿನಲ್ಲಿ ಇವತ್ತಿಗೂ ಹಾಗೆನ್ನುತ್ತಾರೆ, ಅದು ಒಂದು ಊರಿನ ಹೆಸರೆಂದು ತಿಳಿಯದೆ. ಮಿಲಿಗನ್ನರ ಬದುಕು ಈ ಪದದ ಎರಡೂ ತುದಿಗಳನ್ನು ಮುಟ್ಟಿತು.

1940ರಲ್ಲಿ ಅವರೂ ತಂದೆಯಂತೆ ಫಿರಂಗಿ ದಳ ಸೇರಬೇಕಾಯಿತು. ಉತ್ತರ ಆಫ್ರಿಕಾದಲ್ಲಿ ನಡೆದ ಒಂದು ಪ್ರಸಂಗವನ್ನು ಮುಂದೆ ಎಷ್ಟೋ ಸಲ ಹೇಳಿ ನಗಿಸಿದರು. ಅವರ ದಳದ ಭಾರಿ ಫಿರಂಗಿಯೊಂದು ಗುಂಡು ಹಾರಿಸಿದ ಹೊಡೆತಕ್ಕೆ ಹಿಂದೆ ಜಾರಿ ಬೆಟ್ಟದಂಚಿನಿಂದ ಕೆಳಗುರುಳಿತು. ಕೆಳಗೆ ಲಾರಿಯಲ್ಲಿ ಕೂತಿದ್ದ ಹ್ಯಾರಿ ಸೀಕೂಂಬ್ ಎಂಬ ವೇಲ್ಸಿನ ಸಿಪಾಯಿ ಸ್ವಲ್ಪದರಲ್ಲಿ ಉಳಿದುಕೊಂಡರು. ತುಸು ಹೊತ್ತಿಗೆ ಒಬ್ಬಾತ ಬಂದು, ಇಲ್ಲೆಲ್ಲಾದರೂ ಫಿರಂಗಿ ಕಂಡಿರಾ ಎಂದು ವಿಚಾರಿಸಿದ. ಅದು ಮಿಲಿಗನ್. ಮುಂದಿನ ಐವತ್ತು ವರ್ಷಗಳ ಗೆಳೆತನ ಹಾಗೆ ಶುರುವಾಯಿತು.

ನಗೆ ಅಲ್ಲಿಗೆ ನಿಂತಿತು. 1944ರ ಜನವರಿಯಲ್ಲಿ, ಇಟಲಿಯ ಮಾಂಟೆ ಕಸೀನೊ ಯುದ್ಧದ ಹೊತ್ತಿನಲ್ಲಿ, ಸಮೀಪದಲ್ಲೇ ಬಿದ್ದ ಮಾರ್ಟರ್ ಸಿಡಿದು ಮಿಲಿಗನ್ ಗಾಯಗೊಂಡರು. ಕಾಲಿನ ಗಾಯ ಮಾಯಿತು. ತಲೆಯೊಳಗಿನ ಸದ್ದು ನಿಲ್ಲಲಿಲ್ಲ. ಫಿರಂಗಿಯ ಸದ್ದು ಕೇಳಿದರೆ ನಡುಗುತ್ತಿದ್ದರು, ಅಳುತ್ತಿದ್ದರು, ಮಾತು ತೊದಲುತ್ತಿತ್ತು. ಮೇಲಧಿಕಾರಿ ಅವರ ತೋಳಿನ ಪಟ್ಟಿ ಕಿತ್ತು ಸಾಮಾನ್ಯ ಸಿಪಾಯಿಯ ದರ್ಜೆಗೆ ಇಳಿಸಿದರು. ರಣರಂಗಕ್ಕೆ ಬಾರದವರೆಂದು ಹಿಂದಕ್ಕೆ ಕಳುಹಿಸಿದ ಮೇಲೆ ಸೈನಿಕರ ಮನರಂಜನೆಯ ತಂಡ ಸೇರಿದರು. ಅವರ ಮೊದಲ ತ್ರಿವಳಿ ಹುಟ್ಟಿದ್ದು ಇಟಲಿಯಲ್ಲೇ: ಬಿಲ್ ಹಾಲ್ ಪಿಟೀಲು, ಜಾನಿ ಮಲ್ಗ್ರೂ ಬೇಸ್, ಮಿಲಿಗನ್ ಗಿಟಾರ್. ಮೂವರೂ ಹರಕು ಬಟ್ಟೆ ತೊಟ್ಟು ಜಾಸ್ ಬಾರಿಸುತ್ತ ನಗಿಸುತ್ತಿದ್ದರು.

ಎರಡನೆಯ ತ್ರಿವಳಿ ಚರಿತ್ರೆಯಾಯಿತು. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಜಿಮ್ಮಿ ಗ್ರಾಫ್ಟನ್ ಎಂಬವರ ಪಬ್ಬಿನಲ್ಲಿ ಸೈನ್ಯದಿಂದ ಬಿಡುಗಡೆಯಾದ ನಗೆಗಾರರು ಸೇರುತ್ತಿದ್ದರು. ಸೀಕೂಂಬ್ ಇದ್ದರು. ಯಾರ ದನಿಯನ್ನಾದರೂ ತೆಗೆಯಬಲ್ಲ ಪೀಟರ್ ಸೆಲ್ಲರ್ಸ್ ಇದ್ದರು. ಅವರೂ ವಾಯುಪಡೆಯ ಮನರಂಜನೆ ತಂಡದ ಜೊತೆ ಭಾರತ ಸುತ್ತಿ ಬಂದವರು. 1951ರ ಮೇ 28ರಂದು ಬಿಬಿಸಿ ರೇಡಿಯೊದಲ್ಲಿ ಅವರ ಕಾರ್ಯಕ್ರಮ ಶುರುವಾಯಿತು. ಮರುವರ್ಷ ಅದಕ್ಕೆ 'ದಿ ಗೂನ್ ಶೋ' ಎಂಬ ಹೆಸರು ಬಂತು. ಮೊದಲಿಗೆ ಜೊತೆಗಿದ್ದ ಮೈಕೆಲ್ ಬೆಂಟೀನ್ ಎರಡನೆಯ ಸರಣಿಯ ನಂತರ ಬಿಟ್ಟಾಗ ಮೂವರು ಉಳಿದರು. 1960ರ ಜನವರಿಯವರೆಗೆ 200ಕ್ಕೂ ಹೆಚ್ಚು ಕಂತುಗಳು ಬಂದವು. ಹೆಚ್ಚಿನದರ ಬರಹ ಮಿಲಿಗನ್ನರದು.

ಆ ನಗೆಯ ರೀತಿ ಹೇಗಿತ್ತು? ಒಂದು ಕಂತಿನಲ್ಲಿ ಗಂಟೆ ಎಷ್ಟೆಂದು ಕೇಳಿದರೆ, ಮಿಲಿಗನ್ ಮಾಡುತ್ತಿದ್ದ ಎಕಲ್ಸ್ ಎಂಬ ಪೆದ್ದ ಜೇಬಿನಿಂದ ಚೀಟಿ ತೆಗೆಯುತ್ತಾನೆ. ಯಾರೋ ಪುಣ್ಯಾತ್ಮರು ಅದರಲ್ಲಿ 'ಎಂಟು ಗಂಟೆ' ಎಂದು ಬರೆದುಕೊಟ್ಟಿದ್ದಾರೆ. ಎಂಟಲ್ಲದ ಹೊತ್ತಿನಲ್ಲಿ ಯಾರಾದರೂ ಕೇಳಿದರೆ? ಆಗ ಚೀಟಿ ತೋರಿಸುವುದಿಲ್ಲ. ಈಗ ಎಂಟಾಗಿದೆ ಎಂದು ಗೊತ್ತಾಗುವುದು ಹೇಗೆ? ಚೀಟಿಯಲ್ಲಿ ಬರೆದಿದೆಯಲ್ಲ! ತರ್ಕ ಎಲ್ಲಿಯೂ ತಪ್ಪುವುದಿಲ್ಲ, ಎಲ್ಲಿಗೂ ತಲುಪುವುದೂ ಇಲ್ಲ. ಸೈನ್ಯದ ಹುಕುಮುಗಳ ಕೆಳಗೆ ವರ್ಷಗಟ್ಟಲೆ ಬದುಕಿದವರಿಗೆ ಈ ತರ್ಕ ಹೊಸದೇನಾಗಿರಲಿಲ್ಲ.

ರೇಡಿಯೊದಲ್ಲಿ ಕಣ್ಣಿಗೆ ಕೆಲಸವಿಲ್ಲ. ಹಾಗಾಗಿ ಏನು ಬೇಕಾದರೂ ಆಗಬಹುದು ಎಂಬುದನ್ನು ಮಿಲಿಗನ್ ಬೇರೆಯವರಿಗಿಂತ ಮೊದಲು ಕಂಡುಕೊಂಡರು. ಸದ್ದುಗಳಿಗಾಗಿ ಬಿಬಿಸಿಯ ತಂತ್ರಜ್ಞರ ಪ್ರಾಣ ಹಿಂಡಿದರು. ಕಾಲುಚೀಲದ ತುಂಬ ಕಸ್ಟರ್ಡ್ ತುಂಬಿ ಬಡಿದರೆ ಯಾವ ಸದ್ದು ಬರುತ್ತದೆಂದು ನೋಡಿದರು. 1958ರಲ್ಲಿ ಬಿಬಿಸಿ ತೆರೆದ ವಿದ್ಯುನ್ಮಾನ ಧ್ವನಿ ಕಾರ್ಯಾಗಾರ ಮೊದಮೊದಲು ತಯಾರಿಸಿದ ಸದ್ದುಗಳಲ್ಲಿ ಒಂದು, ಮೇಜರ್ ಬ್ಲಡ್‌ನಾಕನ ಹೊಟ್ಟೆ ಕೆಟ್ಟ ಸದ್ದು. ಈ ಬ್ಲಡ್‌ನಾಕ್ ಭಾರತದ ಸೈನ್ಯದಲ್ಲಿದ್ದ ಅಧಿಕಾರಿ. ಪುಕ್ಕಲ, ಲಂಚಕೋರ, ಖಾರದ ಸಾರು ಉಂಡು ಹೊಟ್ಟೆ ಕೆಡಿಸಿಕೊಂಡವನು. ಪುಣೆಯ ದಂಡಿನಲ್ಲಿ ಅಧಿಕಾರಿಗಳನ್ನು ಕೆಳಗಿನಿಂದ ನೋಡಿ ಬೆಳೆದ ಹುಡುಗ ಸಾಮ್ರಾಜ್ಯಕ್ಕೆ ಸಲ್ಲಿಸಿದ ಸಲಾಮು ಅದು.

ಅದಕ್ಕೆ ತೆತ್ತ ಬೆಲೆ ದೊಡ್ಡದು. ವಾರಕ್ಕೊಂದು ಕಂತು ಬರೆಯುವ ಒತ್ತಡ, ಯುದ್ಧದ ನೆನಪು ಎರಡೂ ಸೇರಿ 1952ರ ಕೊನೆಯಲ್ಲಿ ಮಿಲಿಗನ್ ಕುಸಿದರು. ಅವರೇ ಮುಂದೆ ಹೇಳಿಕೊಂಡಂತೆ, ಆಲೂಗೆಡ್ಡೆ ಸಿಪ್ಪೆ ತೆಗೆಯುವ ಚಾಕು ಹಿಡಿದು ಸೆಲ್ಲರ್ಸ್‌ರನ್ನು ಕೊಲ್ಲಲು ಹೊರಟಿದ್ದರು. ಮನೋರೋಗಗಳ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದಲೂ ಬರೆದರು. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಈ ಕಾಯಿಲೆ ಜೀವನದುದ್ದಕ್ಕೂ ಬಿಡಲಿಲ್ಲ. ಆ ಕಾಲದಲ್ಲಿ ಬಾಯಿಬಿಡದ ವಿಷಯವನ್ನು ಅವರು ಬಹಿರಂಗವಾಗಿ ಮಾತಾಡಿದರು. 1993ರಲ್ಲಿ ಮನೋವೈದ್ಯ ಆಂಟನಿ ಕ್ಲೇರ್ ಜೊತೆ ಅದರ ಬಗ್ಗೆ ಪುಸ್ತಕವನ್ನೇ ತಂದರು. 'ಹುಷಾರಿಲ್ಲ ಅಂತ ಹೇಳಿದ್ದೆನಲ್ಲ' ಎಂಬುದು ಬರೀ ತಮಾಷೆಯಲ್ಲ. ಅವರು ನಿಜಕ್ಕೂ ಹೇಳಿದ್ದರು.

ಟೆಲಿವಿಷನ್ನಿಗೆ ಬಂದಾಗಲೂ ಅವರು ಕಾಲಕ್ಕಿಂತ ಒಂದು ಹೆಜ್ಜೆ ಮುಂದಿದ್ದರು. 1969ರ ಮಾರ್ಚಿನಲ್ಲಿ ಶುರುವಾದ 'ಕ್ಯೂ5'ರಲ್ಲಿ ಪ್ರಹಸನಗಳಿಗೆ ಕೊನೆಯೇ ಇರಲಿಲ್ಲ. ನಡುವೆಯೇ ಸಾಕೆನಿಸಿದರೆ ನಟರು ಎದ್ದು ಹೋಗುತ್ತಿದ್ದರು. ಅದೇ ಅಕ್ಟೋಬರಿನಲ್ಲಿ ಬಂದ ಮಾಂಟಿ ಪೈಥಾನ್ ತಂಡದವರು ತಾವು ಮಾಡಬೇಕೆಂದುಕೊಂಡಿದ್ದನ್ನು ಮಿಲಿಗನ್ ಆಗಲೇ ಮಾಡಿಬಿಟ್ಟಿದ್ದನ್ನು ನೋಡಿ ಬೆಚ್ಚಿದ್ದರು. ಅದರ ನಿರ್ದೇಶಕ ಇಯಾನ್ ಮೆಕ್‌ನಾಟನ್‌ರನ್ನೇ ಕರೆಸಿಕೊಂಡರು. ಹೆಸರು, ಹಣ ಪೈಥಾನ್‌ಗೆ ಹೆಚ್ಚು ಬಂತು.

ಅದೇ ವರ್ಷ ಇನ್ನೊಂದು ಕಾರ್ಯಕ್ರಮವೂ ಬಂತು. ಜಾನಿ ಸ್ಪೈಟ್ ಬರೆದ 'ಕರಿ ಅಂಡ್ ಚಿಪ್ಸ್'ನಲ್ಲಿ ಮಿಲಿಗನ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಕಾರ್ಖಾನೆಗೆ ಕೆಲಸಕ್ಕೆ ಬಂದ ಪಾಕಿಸ್ತಾನಿ-ಐರಿಷ್ ವಲಸಿಗನಾದರು. ಜನಾಂಗದ್ವೇಷವನ್ನು ಅಣಕಿಸುತ್ತೇವೆ ಎಂದು ಹೊರಟ ಕಾರ್ಯಕ್ರಮ ಬೈಗುಳಗಳ ಮೆರವಣಿಗೆಯಾಯಿತು. ದೂರುಗಳು ಬಂದವು, ಆರೇ ಕಂತಿಗೆ ನಿಂತಿತು. 1975ರಲ್ಲಿ ಅವರೇ ಬರೆದ 'ದಿ ಮೆಲ್ಟಿಂಗ್ ಪಾಟ್' ಒಂದು ಕಂತಿನ ನಂತರ ಕಪಾಟು ಸೇರಿತು. ಭಾರತವನ್ನು ತವರೆಂದುಕೊಂಡಿದ್ದ ಮನುಷ್ಯ, ಅಲ್ಲಿಂದ ಲಂಡನ್ನಿಗೆ ಬಸ್ಸು, ಕಾರ್ಖಾನೆ, ಆಸ್ಪತ್ರೆಗಳಲ್ಲಿ ದುಡಿಯಲು ಬಂದವರಿಗೆ ಆ ನಗೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿದಂತೆ ಕಾಣುವುದಿಲ್ಲ. ಅಧಿಕಾರಿಯನ್ನು ಕೆಳಗಿನಿಂದ ನೋಡಿ ನಗಬಲ್ಲ ಕಣ್ಣಿಗೆ, ತಾನೂ ಇನ್ನೊಬ್ಬರನ್ನು ಮೇಲಿನಿಂದ ನೋಡುತ್ತಿರುವುದು ಕಾಣಲಿಲ್ಲ. ಅವರ ಮೇಲಿನ ಅಭಿಮಾನ ಈ ಮಾತನ್ನು ಮುಚ್ಚಬಾರದು.

ವಿಚಿತ್ರವೆಂದರೆ, ಬ್ರಿಟನ್ನಿನ ಕಾನೂನು ಅವರನ್ನೂ ಆ ವಲಸಿಗರ ಸಾಲಿಗೇ ತಂದು ನಿಲ್ಲಿಸಿತ್ತು. 1960ರಲ್ಲಿ ಪಾಸ್‌ಪೋರ್ಟ್ ಕೇಳಿದಾಗ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದರು, ಮಿಲಿಗನ್ ಒಪ್ಪಲಿಲ್ಲ. 1962ರಲ್ಲಿ ಬಂದ ಕಾಮನ್‌ವೆಲ್ತ್ ವಲಸೆಗಾರರ ಕಾಯ್ದೆ, ಭಾರತದಲ್ಲಿ ಹುಟ್ಟಿದ, ಐರಿಷ್ ತಂದೆಯ ಮಗನ ಹಕ್ಕನ್ನು ಇನ್ನಷ್ಟು ಅನುಮಾನಕ್ಕೆ ದೂಡಿತು. ಆ ದೇಶದ ಸಮವಸ್ತ್ರದಲ್ಲಿ ಗಾಯಗೊಂಡವರು, ಆ ದೇಶವನ್ನು ಒಂಬತ್ತು ವರ್ಷ ನಗಿಸಿದವರು, ತಂದೆಯ ಹುಟ್ಟೂರಿನ ಬಲದಿಂದ ಐರ್ಲೆಂಡಿನ ಪ್ರಜೆಯಾದರು. ಕೊನೆಯವರೆಗೂ ಹಾಗೆಯೇ ಉಳಿದರು. ಆದ್ದರಿಂದಲೇ ಇಳಿವಯಸ್ಸಿನಲ್ಲಿ ಸಿಕ್ಕ ನೈಟ್ ಪದವಿ ವಿದೇಶೀಯರಿಗೆ ಕೊಡುವ ಗೌರವ ಪದವಿ. ಹೆಸರಿನ ಹಿಂದೆ 'ಸರ್' ಸೇರಿಸುವಂತಿರಲಿಲ್ಲ.

ಸೆಲ್ಲರ್ಸ್ 1980ರಲ್ಲೇ ಹೋಗಿದ್ದರು. ಒಳ್ಳೆಯ ಹಾಡುಗಾರರಾಗಿದ್ದ ಸೀಕೂಂಬ್ 2001ರ ಏಪ್ರಿಲಿನಲ್ಲಿ ತೀರಿಕೊಂಡಾಗ, ಸದ್ಯ, ನನ್ನ ಉತ್ತರಕ್ರಿಯೆಯಲ್ಲಿ ಹಾಡಲು ಆತನಿರುವುದಿಲ್ಲ ಎಂದು ಮಿಲಿಗನ್ ಚಟಾಕಿ ಹಾರಿಸಿದರು. ಮರುವರ್ಷ ಫೆಬ್ರವರಿ 27ರಂದು, 83ನೆಯ ವಯಸ್ಸಿನಲ್ಲಿ, ಅವರ ಸರದಿ ಬಂತು. ಸ್ಮರಣಾರ್ಥ ಪ್ರಾರ್ಥನೆಯಲ್ಲಿ ಸೀಕೂಂಬರ ದನಿಯ ಧ್ವನಿಮುದ್ರಿಕೆ ಹಾಕಿದರು. ಬೆಟ್ಟದ ಕೆಳಗೆ ಸಿಕ್ಕ ಗೆಳೆಯ ಹಾಡಿಯೇ ಬಿಟ್ಟ.

ಹುಟ್ಟಿದ ಊರು ಅಹ್ಮದ್‌ನಗರ. ಆ ಹೆಸರೂ ಈಗ ಸರಕಾರಿ ಕಾಗದದಲ್ಲಿ ಅಹಿಲ್ಯಾನಗರವಾಗಿದೆ. ಬದುಕಿದ ದೇಶ ಇಂಗ್ಲೆಂಡ್. ಪಾಸ್‌ಪೋರ್ಟು ಐರ್ಲೆಂಡಿನದು. ಯಾವ ಊರೆಂದು ಕೇಳಿದರೆ ಒಂದು ಮಾತಿನಲ್ಲಿ ಉತ್ತರ ಹೇಳಲಾಗದವರು ಇಂಥವರು. ಇಂಗ್ಲಿಷ್ ಚರ್ಚಿನ ಅಂಗಳದಲ್ಲಿ, ಹತ್ತಿರದವರು ಓದಲಾರದ ಭಾಷೆಯಲ್ಲಿ, ದೇವಳಾಲಿಯ ಕಡೆಯಿಂದ ಬಂದ ಒಬ್ಬ ಹುಡುಗ ತನಗೆ ಹುಷಾರಿರಲಿಲ್ಲ ಎಂದು ಇನ್ನೂ ಹೇಳುತ್ತಲೇ ಇದ್ದಾನೆ.