ಕಿವಿಗೆ ಒಂದೇ, ಕಣ್ಣಿಗೆ ಎರಡು

ಇಂಗ್ಲಿಷಿನಲ್ಲಿ ರಾತ್ರಿಯೂ 'ನೈಟ್', ಕುದುರೆಯೇರಿದ ವೀರನೂ 'ನೈಟ್'. ಮಾಂಸವೂ 'ಮೀಟ್', ಭೇಟಿಯಾಗುವುದೂ 'ಮೀಟ್'. ಕನ್ನಡ ಲಿಪಿಯಲ್ಲಿ ಬರೆದರಂತೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣದು. ಸ್ಪೆಲಿಂಗ್ ಕಲಿಯುವ ನಮ್ಮ ಮಕ್ಕಳು "ಯಾಕೆ ಹೀಗೆ?" ಎಂದು ಕೇಳುವುದು ಸಹಜ. "ಬಾಯಿಪಾಠ ಮಾಡು" ಎನ್ನುವುದು ಸುಲಭದ ಉತ್ತರ. ಆದರೆ ಈ ಗೊಂದಲಕ್ಕೂ ಒಂದು ಚರಿತ್ರೆಯಿದೆ.

1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಕಾಲದಲ್ಲಿ ಈ ಎರಡು 'ನೈಟ್'ಗಳು ಬೇರೆ ಬೇರೆಯಾಗಿಯೇ ಕೇಳಿಸುತ್ತಿದ್ದವು. ರಾತ್ರಿ ಸುಮಾರಾಗಿ 'ನಿಹ್ಟ್', ವೀರ 'ಕ್ನಿಹ್ಟ್'. ಇಂದು ಮೂಕವಾಗಿರುವ ಕೆ, ಜಿ, ಎಚ್ ಅಕ್ಷರಗಳೆಲ್ಲ ಆಗ ಬಾಯಲ್ಲಿ ಜೀವಂತವಾಗಿದ್ದವು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಮುಂದಿನ ಶತಮಾನಗಳಲ್ಲಿ ಮುದ್ರಕರ ಕೈಯಲ್ಲಿ ಕಾಗುಣಿತ ನಿಧಾನವಾಗಿ ನೆಲೆಗೊಂಡಿತು. ಉಚ್ಚಾರಣೆ ಮಾತ್ರ ಬದಲಾಗುತ್ತಲೇ ಹೋಯಿತು. ಎರಡು 'ಮೀಟ್'ಗಳ ಸ್ವರಗಳೂ ಹೀಗೆಯೇ ಕೂಡಿಕೊಂಡವು. ಬಾಯಿ ಬಿಟ್ಟದ್ದನ್ನು ಕಾಗದ ಉಳಿಸಿಕೊಂಡಿತು.

ಕೆಲವು ಜೋಡಿಗಳ ಕಥೆ ಇದಕ್ಕೆ ತಿರುವುಮುರುವು: ಒಂದೇ ಪದ ಸೀಳಿ ಎರಡಾದದ್ದು. ಹಿಟ್ಟು ಎಂಬ 'ಫ್ಲೋರ್' ಅಥವಾ 'ಫ್ಲವರ್' ಮೂಲತಃ ಹೂವೇ. ಧಾನ್ಯದ ಹೂವು, ಅಂದರೆ ಅದರ ಅತ್ಯುತ್ತಮ ಭಾಗ. 18ನೆಯ ಶತಮಾನದವರೆಗೂ ಎರಡರ ಕಾಗುಣಿತ ಕಲಸಿಕೊಂಡೇ ಇತ್ತು. 'ಸ್ಟೇಷನರಿ'ಯದೂ ಅಷ್ಟೇ. ಊರೂರು ಅಲೆಯದೆ ಒಂದೆಡೆ ನೆಲೆಯಾಗಿ ಪುಸ್ತಕ ಮಾರುತ್ತಿದ್ದವನು 'ಸ್ಟೇಷನರ್'. ಲಂಡನ್ನಿನಲ್ಲಿ ಇವರ ಸಂಘಕ್ಕೆ 1557ರಲ್ಲಿ ರಾಜಸನ್ನದು ದೊರೆಯಿತು. ಅವನ ಸರಕಾದ ಕಾಗದ, ಲೇಖನಿಗಳಿಗೆ ಅವನ ಹೆಸರಿನ 'ಇಆರ್' ಬಂತು. ಚಲಿಸದೆ ನಿಂತದ್ದಕ್ಕೆ 'ಎಆರ್' ಉಳಿಯಿತು. ಈ ಅಂಗಡಿಯವನನ್ನು ನೆನೆದರೆ ಸ್ಪೆಲಿಂಗ್ ತಪ್ಪದು. ಅಮೆರಿಕದಲ್ಲಿ 1925ರಿಂದ ನಡೆದುಬಂದಿರುವ ರಾಷ್ಟ್ರೀಯ ಸ್ಪೆಲಿಂಗ್ ಬೀ ಸ್ಪರ್ಧೆಯಲ್ಲಿ ಮಕ್ಕಳು ಪದದ ಅರ್ಥವನ್ನೂ ಮೂಲಭಾಷೆಯನ್ನೂ ಕೇಳುವುದು ಸುಮ್ಮನೆ ಅಲ್ಲ.

ಇನ್ನು ನಮ್ಮ ಮನೆಯ ಮಾತು. 'ಆಡಿದಂತೆ ಬರೆಯುತ್ತೇವೆ' ಎಂದು ಹೆಮ್ಮೆ ಪಡುವ ಕನ್ನಡದಲ್ಲೂ ಧ್ವನಿಗಳು ಬೆರೆತಿವೆ. ಹಳಗನ್ನಡದಲ್ಲಿ 'ಪೊಱೆ' ಎಂದರೆ ಭಾರ, 'ಪೊರೆ' ಎಂದರೆ ಸಲಹು. ಈಗ ಎರಡೂ 'ಹೊರೆ'. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಪಟ್ಟಿ ಬೇಕಾಯಿತೆಂದರೆ ಆ ವೇಳೆಗೆ ಅದು ಳಕಾರದೊಡನೆ ಬೆರೆಯತೊಡಗಿತ್ತೆಂದೇ ಅರ್ಥ. ವ್ಯಾಕರಣಕಾರ ಎಚ್ಚರಿಸಿದರೂ ಆ ಧ್ವನಿ ಉಳಿಯಲಿಲ್ಲ. ಇಂಗ್ಲಿಷರು ಧ್ವನಿ ಕಳೆದುಕೊಂಡು ಅಕ್ಷರ ಉಳಿಸಿಕೊಂಡರು. ನಾವು ಎರಡನ್ನೂ ಬಿಟ್ಟೆವು.

ಇದು ಹಳೆಯ ಕಥೆಯೆಂದು ಸುಮ್ಮನಿರುವಂತಿಲ್ಲ. ನಮ್ಮ 'ವೆಸ್ಟ್' ಒಳಅಂಗಿಯೋ ಪಶ್ಚಿಮ ದಿಕ್ಕೋ ಎಂದು ಮಕ್ಕಳು ನಗುತ್ತಾರೆ, ನಗಲಿ. ಆದರೆ ಅದೇ ಮಕ್ಕಳ ಬಾಯಲ್ಲಿ ಅಜ್ಜಿಯ 'ಹಳ್ಳಿ' 'ಹಲ್ಲಿ'ಯಾಗುತ್ತಿದೆ, ಕೂರುವ 'ಮಣೆ' 'ಮನೆ'ಯಾಗುತ್ತಿದೆ. ಚರಿತ್ರೆ ಹೇಳುವುದಿಷ್ಟೆ: ಧ್ವನಿ ಮೊದಲು ಅಳಿಯುವುದು ಬಾಯಲ್ಲಿ, ಪುಸ್ತಕದಲ್ಲಲ್ಲ. ಕನ್ನಡ ತರಗತಿ ವಾರಕ್ಕೊಂದು ದಿನವಾದರೆ ಅಡಿಗೆಮನೆ ಏಳೂ ದಿನ ತೆರೆದಿರುತ್ತದೆ. ಅಲ್ಲಿ ಳ, ಣ ಕಿವಿಗೆ ಬೀಳುತ್ತಿರಲಿ. ತಪ್ಪಿದಾಗ ಗದರದೆ, ನಗದೆ ಇನ್ನೊಮ್ಮೆ ಹೇಳಿಸೋಣ.