ಫಿನ್ನರ ನುಡಿ, ಫಿನ್ನರ ನಡೆ

‘ನಾಳೆ ಬರುತ್ತೀರಾ?’ ಎಂದು ಯಾರನ್ನಾದರೂ ಕೇಳಿ ನೋಡಿ. ‘ಹೌದು’ ಎಂದು ಉತ್ತರ ಕೊಡುವ ಕನ್ನಡಿಗ ವಿರಳ. ‘ಬರುತ್ತೇನೆ’ ಎನ್ನುವವನೇ ಹೆಚ್ಚು. ಯೂರೋಪಿನ ಉತ್ತರದ ತುದಿಯಲ್ಲಿ, ಹಿಮ ಮತ್ತು ಸರೋವರಗಳ ನಡುವೆ ಬದುಕುವ ಫಿನ್ನನೂ ಹೀಗೆಯೇ. ‘ತುಲೆತ್ಕೊ?’ ಎಂದರೆ ‘ಬರುತ್ತೀಯಾ?’, ಅದಕ್ಕೆ ಉತ್ತರ ‘ತುಲೆನ್’, ಅಂದರೆ ‘ಬರುತ್ತೇನೆ’. ಕ್ರಿಯಾಪದದ ಕೊನೆಗೆ ಒಂದು ಅಕ್ಷರ ಹಚ್ಚಿ ಪ್ರಶ್ನೆ ಮಾಡುವುದು, ಆ ಕ್ರಿಯಾಪದವನ್ನೇ ಹಿಂದಿರುಗಿಸಿ ಒಪ್ಪಿಗೆ ಸೂಚಿಸುವುದು, ಎರಡೂ ನಮ್ಮ ರೀತಿಯೇ. ಮನೆಗೆ ‘ತಲೊ’, ಮನೆಯಲ್ಲಿ ‘ತಲೊಸ್ಸ’, ಮನೆಯೊಳಗಿಂದ ‘ತಲೊಸ್ತ’, ಮನೆಯೊಳಕ್ಕೆ ‘ತಲೋನ್’. ನಮ್ಮಲ್ಲಿ ವಿಭಕ್ತಿಗಳು ಏಳೋ ಎಂಟೋ ಎಂದು ವೈಯಾಕರಣರು ಜಗಳವಾಡಿದರೆ, ಫಿನ್ನಿಶ್ ವ್ಯಾಕರಣಗಳು ಹದಿನೈದನ್ನು ಎಣಿಸುತ್ತವೆ.

ಈ ಹೋಲಿಕೆಗಳನ್ನು ಕಂಡು ಬೆರಗಾದವರಲ್ಲಿ ನಾವು ಮೊದಲಿಗರಲ್ಲ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಸಾಹೇಬರು ನಮ್ಮ ನುಡಿಗಳಿಗೂ ಫಿನ್ನಿಶ್ ಸೇರಿದ ಗುಂಪಿಗೂ ನಂಟು ಕಟ್ಟಲು ಬಹಳ ಶ್ರಮಪಟ್ಟರು. 1940ರ ದಶಕದಲ್ಲಿ ಬರೋ ಅವರೂ ಅದೇ ಜಾಡಿನಲ್ಲಿ ಕೆಲವು ಲೇಖನಗಳನ್ನು ಬರೆದರು. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಪ್ರತ್ಯಯವನ್ನು ಬೆನ್ನಿಗೆ ಹೊತ್ತು ನಡೆಯುವ ಭಾಷೆಗಳು ಪ್ರಪಂಚದಲ್ಲಿ ಎಷ್ಟೋ ಇವೆ, ಅವೆಲ್ಲ ಒಂದೇ ತಾಯಿಯ ಮಕ್ಕಳಾಗಬೇಕಾಗಿಲ್ಲ. ಆದರೆ ಒಂದು ಸಂಬಂಧ ಮಾತ್ರ ದಿಟ. ಫಿನ್ನಿಶಿನಲ್ಲಿ ನೂರಕ್ಕೆ ‘ಸತ’ ಎನ್ನುತ್ತಾರೆ. ಸುತ್ತಿಗೆಗೆ ‘ವಸರ’ ಎನ್ನುತ್ತಾರೆ. ಇವು ಶತ, ವಜ್ರ ಎಂಬ ನಮಗೆ ಪರಿಚಿತವಾದ ಮಾತುಗಳ ಬಂಧುಗಳೇ. ಸಾವಿರಾರು ವರ್ಷಗಳ ಹಿಂದೆ ರಷ್ಯದ ಬಯಲುಗಳ ಅಂಚಿನಲ್ಲಿ ಆರ್ಯಭಾಷೆಯ ಜನರಿಂದ ಫಿನ್ನರ ಪೂರ್ವಜರು ಇವನ್ನು ಪಡೆದರು. ನಾವು ‘ಶತಮಾನ’ ಎನ್ನುವಾಗಲೂ ಅವರು ‘ವೂಸಿಸತ’ ಎನ್ನುವಾಗಲೂ ಸಾಲ ತಂದದ್ದು ಒಂದೇ ಅಂಗಡಿಯಿಂದ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಈ ಭಾಷೆ ಬದುಕಿ ಉಳಿದ ಬಗೆ. ಹದಿಮೂರನೆಯ ಶತಮಾನದ ಹೊತ್ತಿನಿಂದ 1809ರವರೆಗೆ ಫಿನ್ಲೆಂಡ್ ಸ್ವೀಡನ್ನಿನ ಭಾಗವಾಗಿತ್ತು. ಆಡಳಿತ, ನ್ಯಾಯ, ವ್ಯಾಪಾರ ಎಲ್ಲವೂ ಸ್ವೀಡಿಷ್ ಭಾಷೆಯಲ್ಲಿ, ವಿದ್ಯೆ ಲ್ಯಾಟಿನ್ನಿನಲ್ಲಿ, ಹೊಲ, ಕಾಡು, ಕೊಟ್ಟಿಗೆಗಳಲ್ಲಿ ಮಾತ್ರ ಫಿನ್ನಿಶ್. ಅದಕ್ಕೆ ಮೊದಲು ಪುಸ್ತಕದ ರೂಪ ಕೊಟ್ಟವನು ಮಿಕಾಯೆಲ್ ಅಗ್ರಿಕೊಲ ಎಂಬ ಪಾದ್ರಿ. ವಿಟೆನ್‌ಬರ್ಗಿನಲ್ಲಿ ಓದಿ ಬಂದ ಈತ 1543ರಲ್ಲಿ ಒಂದು ಅಕ್ಷರಮಾಲೆಯನ್ನೂ 1548ರಲ್ಲಿ ಹೊಸ ಒಡಂಬಡಿಕೆಯ ಅನುವಾದವನ್ನೂ ಅಚ್ಚು ಹಾಕಿಸಿದ. 1551ರಲ್ಲಿ ಕೀರ್ತನೆಗಳ ಅನುವಾದಕ್ಕೆ ಮುನ್ನುಡಿ ಬರೆಯುವಾಗ, ಜನ ಇನ್ನೂ ಪೂಜಿಸುತ್ತಿದ್ದ ಹಳೆಯ ದೇವತೆಗಳ ಪಟ್ಟಿಯೊಂದನ್ನು ಕೊಟ್ಟ. ಬಿಡಿಸಬೇಕೆಂದು ಬರೆದ ಪಟ್ಟಿ! ಹಾಡು ಕಟ್ಟುವ ವೈನಮೊಯಿನನ್‌ನ ಹೆಸರು ಕಾಗದಕ್ಕೆ ಇಳಿದದ್ದು ಆ ಪಟ್ಟಿಯಲ್ಲಿ. ಮುನ್ನೂರು ವರ್ಷಗಳ ಅನಂತರ ರಾಷ್ಟ್ರೀಯ ಮಹಾಕಾವ್ಯವಾದ ‘ಕಲೆವಲ’ದ ನಾಯಕನಾದವನು ಅವನೇ. ಪಾದ್ರಿಗಳ ಕೋಪದಿಂದಲೂ ಸಾಹಿತ್ಯಕ್ಕೆ ಎಷ್ಟೋ ಉಪಕಾರವಾಗಿದೆ.

1809ರಲ್ಲಿ ಫಿನ್ಲೆಂಡ್ ರಷ್ಯದ ಚಕ್ರವರ್ತಿಯ ವಶವಾಯಿತು. ಆದರೂ ಕಚೇರಿಯ ಭಾಷೆ ಸ್ವೀಡಿಷ್ ಆಗಿಯೇ ಮುಂದುವರಿಯಿತು. ಈಗ ವಿದ್ಯಾವಂತರಿಗೆ ಒಂದು ಇಕ್ಕಟ್ಟು ಬಂತು: ನಾವು ಸ್ವೀಡಿಷರಲ್ಲ, ರಷ್ಯನರಾಗಲು ಒಲ್ಲೆವು, ಹಾಗಾದರೆ ನಾವು ಯಾರು? ‘ಫಿನ್ನರು’ ಎಂದು ಹೇಳಿಕೊಳ್ಳಲು ಅವರಿಗೆ ಫಿನ್ನಿಶ್ ಮಾತಾಡಲು ಬರುತ್ತಿರಲಿಲ್ಲ. ಫಿನ್ನಿಶ್ ಭಾಷೆಯ ಹಕ್ಕಿಗಾಗಿ ಜೀವಮಾನವೆಲ್ಲ ಹೋರಾಡಿದ ಸ್ನೆಲ್ಮನ್ ಹುಟ್ಟಿದ್ದು ಸ್ಟಾಕ್‌ಹೋಮಿನಲ್ಲಿ. 1844ರಲ್ಲಿ ‘ಸಾಯಿಮ’ ಎಂಬ ಪತ್ರಿಕೆ ಹೊರಡಿಸಿ, ಫಿನ್ನಿಶನ್ನು ಮೇಲೆತ್ತಿರೆಂದು ಆತ ಬರೆದದ್ದು ಸ್ವೀಡಿಷ್ ಭಾಷೆಯಲ್ಲಿ. ರಾಷ್ಟ್ರಗೀತೆ ಬರೆದ ರೂನೆಬೆರ್ಗ್ ಕೂಡ ಸ್ವೀಡಿಷಿನಲ್ಲಿಯೇ ಬರೆದ. ಇಂಗ್ಲಿಷಿನಲ್ಲಿ ಕನ್ನಡಾಭಿಮಾನದ ಭಾಷಣ ಕೇಳಿದ ನಮಗೆ ಇದು ಹೊಸದಾಗಿ ತೋರದು. ಆದರೆ ಸ್ನೆಲ್ಮನ್ ಭಾಷಣಕ್ಕೆ ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು.

ಲೊನ್‌ರೊಟ್ ಬೇರೆ ಬಗೆಯ ಮನುಷ್ಯ. ಹಳ್ಳಿಯ ದರ್ಜಿಯ ಮಗ, ವೈದ್ಯ, ಕಯಾನಿ ಎಂಬ ದೂರದ ಊರಿನಲ್ಲಿ ಸರ್ಕಾರಿ ಡಾಕ್ಟರು. ಗಡಿಯಾಚೆಯ ಕರೇಲಿಯದ ಹಳ್ಳಿಗಳನ್ನು ಸುತ್ತಿ, ಮುದುಕರು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡು, ಹೆಣೆದು, 1835ರಲ್ಲಿ ‘ಕಲೆವಲ’ವನ್ನು ಹೊರತಂದ, 1849ರಲ್ಲಿ ಅದನ್ನು ಹಿಗ್ಗಿಸಿ ಐವತ್ತು ಹಾಡುಗಳ, 22,795 ಸಾಲುಗಳ ಕಾವ್ಯವಾಗಿಸಿದ. ಅದೇ ಕೈ ರೈತರಿಗಾಗಿ ಮನೆವೈದ್ಯದ ಪುಸ್ತಕವನ್ನೂ ಬರೆಯಿತು, ದೊಡ್ಡದೊಂದು ನಿಘಂಟನ್ನೂ ಕಟ್ಟಿತು. ಕಾವ್ಯಕ್ಕಿಂತ ಈ ನಿಘಂಟಿನ ದುಡಿಮೆಯೇ ದೊಡ್ಡದೆಂದು ನನಗೆ ಅನೇಕ ಸಲ ತೋರಿದೆ.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಯೂರೋಪಿನಲ್ಲೆಲ್ಲ ಕ್ರಾಂತಿಯ ಗಾಳಿ ಬೀಸಿದ್ದ ಕಾಲ. 1850ರಲ್ಲಿ ಒಂದು ಆಜ್ಞೆ ಹೊರಟಿತು: ಧರ್ಮ ಮತ್ತು ಆರ್ಥಿಕ ಪ್ರಯೋಜನದ ವಿಷಯಗಳ ಹೊರತು ಬೇರೇನನ್ನೂ ಫಿನ್ನಿಶಿನಲ್ಲಿ ಅಚ್ಚುಮಾಡಕೂಡದು. ಅಂದರೆ ರೈತನಿಗೆ ಪ್ರಾರ್ಥನೆ ಬೇಕು, ಬೇಸಾಯ ಬೇಕು. ಕತೆ, ಚರಿತ್ರೆ, ರಾಜಕೀಯ ಬೇಡ. ಸ್ವಾರಸ್ಯವೆಂದರೆ, ಹೆಲ್ಸಿಂಕಿಯ ವಿಶ್ವವಿದ್ಯಾಲಯದಲ್ಲಿ ಫಿನ್ನಿಶ್ ಭಾಷೆಗೆ ಪ್ರೊಫೆಸರ್ ಆಗಿ ಕಾಸ್ತ್ರೆನ್ ನೇಮಕವಾದದ್ದು ಮರುವರ್ಷವೇ! ಒಂದು ಕೈಯಿಂದ ಬಾಯಿ ಮುಚ್ಚಿ ಇನ್ನೊಂದು ಕೈಯಿಂದ ಪೀಠ ಹಾಕಿಕೊಟ್ಟ ಸರ್ಕಾರವದು. ಆಜ್ಞೆ ಬಹುಕಾಲ ನಿಲ್ಲಲಿಲ್ಲ. 1863ರಲ್ಲಿ ಎರಡನೆಯ ಅಲೆಕ್ಸಾಂಡರ್ ಚಕ್ರವರ್ತಿಯಿಂದ ಸ್ನೆಲ್ಮನ್ ಒಂದು ಭಾಷಾಶಾಸನವನ್ನು ಪಡೆದ: ಫಿನ್ನಿಶ್ ಜನರಿಗೆ ನೇರವಾಗಿ ಸಂಬಂಧಿಸಿದ ವ್ಯವಹಾರಗಳಲ್ಲಿ, ಇಪ್ಪತ್ತು ವರ್ಷಗಳೊಳಗೆ, ಅವರ ಭಾಷೆ ಸ್ವೀಡಿಷಿಗೆ ಸಮನಾಗಬೇಕು. ಅದೇ ದಶಕದಲ್ಲಿ ಧಾರವಾಡದ ಕಡೆ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿಯ ನೆರಳಿನಲ್ಲಿದ್ದ ಊರುಗಳಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿಯುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ.

ಕಾನೂನು ಬಂದರೆ ಸಾಕೆ? ಕೋರ್ಟಿಗೆ, ಶಾಲೆಗೆ, ವಿಜ್ಞಾನಕ್ಕೆ ಮಾತುಗಳು ಬೇಕು. ಅವರು ಅವನ್ನು ತಮ್ಮ ಹಿತ್ತಲಿನಿಂದಲೇ ಕಿತ್ತು ತಂದರು. ವಿದ್ಯುತ್ತಿಗೆ 1845ರಲ್ಲಿ ಸಾಮುವೆಲ್ ರೂಸ್ ಎಂಬಾತ ‘ಸ್ಯಾಹ್ಕೊ’ ಎಂಬ ಪದ ಕಟ್ಟಿದ. ಚುರ್ರೆನ್ನುವ, ಕಿಡಿ ಚಿಮ್ಮುವ ದೇಶಿ ಮಾತುಗಳ ಸದ್ದು ಅದರಲ್ಲಿದೆ. ಸಾಹಿತ್ಯಕ್ಕೆ, ವ್ಯಾಕರಣಕ್ಕೆ ಪದ ಕೊಟ್ಟವನು ಲೊನ್‌ರೊಟ್. ಮಾತಾಡುವ ಧಾತುವಿನಿಂದ ‘ಪುಹೆಲಿನ್’ ಬಂತು, ಅದು ಟೆಲಿಫೋನು. ನಮ್ಮ ಕಾಲದ ಕಂಪ್ಯೂಟರಿಗೆ ‘ತಿಯೆತೊಕೊನೆ’, ಅರಿವಿನ ಯಂತ್ರ. ಇವು ನಿಘಂಟಿನಲ್ಲಿ ಮಲಗಿರುವ ಪದಗಳಲ್ಲ, ಅಂಗಡಿಯವನ ಬಾಯಲ್ಲಿರುವ ಪದಗಳು. ನಾವು ‘ದೂರವಾಣಿ’ ಎಂದು ಬರೆದು ‘ಫೋನು’ ಎಂದು ಆಡುತ್ತೇವೆ. ‘ವಿದ್ಯುಚ್ಛಕ್ತಿ’ ಹೋದರೆ ‘ಕರೆಂಟು ಹೋಯಿತು’ ಎನ್ನುತ್ತೇವೆ. ಸಂಸ್ಕೃತದ ದೊಡ್ಡ ಕಣಜ ಕೈಗೆಟುಕುವಂತಿದ್ದದ್ದು ನಮಗೆ ಅನುಕೂಲವೂ ಆಯಿತು, ಸೋಮಾರಿತನಕ್ಕೆ ನೆಪವೂ ಆಯಿತು.

ಆ ಪೀಳಿಗೆಯ ಮನೆಗಳೊಳಗೆ ನಡೆದದ್ದು ಇನ್ನೂ ಕಠಿನ. ತಮ್ಮೊಳಗೆ ಸ್ವೀಡಿಷ್ ಆಡುತ್ತಿದ್ದ ತಂದೆತಾಯಿಗಳು, ಮಕ್ಕಳೊಡನೆ ಮಾತ್ರ ತಾವೇ ಕಲಿಯುತ್ತಿದ್ದ ಫಿನ್ನಿಶನ್ನು ಆಡಲು ತೊಡಗಿದರು. ತಾಯಿನುಡಿ ತಾಯಿಗೇ ಪರನುಡಿ! 1906ರಲ್ಲಿ, ಸ್ನೆಲ್ಮನ್ ಹುಟ್ಟಿ ನೂರು ವರ್ಷ ತುಂಬಿದಾಗ, ಸಾವಿರಾರು ಮನೆತನಗಳು ಸ್ವೀಡಿಷ್ ಹೆಸರು ಬಿಟ್ಟು ಫಿನ್ನಿಶ್ ಹೆಸರು ಇಟ್ಟುಕೊಂಡವು. ಮುಂದೆ ರಾಷ್ಟ್ರಾಧ್ಯಕ್ಷರಾದ ಪಾಸಿಕಿವಿ ಹುಟ್ಟುವಾಗ ಹೆಲ್ಸ್‌ಟೆನ್. ‘ಕಲೆವಲ’ದ ಚಿತ್ರಗಳಿಂದ ಹೆಸರಾದ ಗಾಲ್ಲೆನ್ 1907ರಲ್ಲಿ ಗಾಲ್ಲೆನ್-ಕಲ್ಲೆಲ ಆದ. 1917ರಲ್ಲಿ ದೇಶ ಸ್ವತಂತ್ರವಾಯಿತು. 1919ರ ಸಂವಿಧಾನ ಎರಡು ಭಾಷೆಗಳನ್ನೂ ರಾಷ್ಟ್ರಭಾಷೆಗಳೆಂದು ಒಪ್ಪಿತು. ಸ್ವೀಡಿಷ್ ಆಡುವವರು ಇಂದು ನೂರಕ್ಕೆ ಐದರಷ್ಟು ಮಾತ್ರ. ಆದರೂ ಹೆಲ್ಸಿಂಕಿಯ ಬೀದಿಯ ಫಲಕಗಳಲ್ಲಿ ಎರಡು ಹೆಸರುಗಳಿವೆ. ಗೆದ್ದವನು ಸೋತವನ ಹೆಸರನ್ನು ಅಳಿಸಿಹಾಕದೆ ಉಳಿಸಿದ್ದು ದೊಡ್ಡ ಮಾತು. ಜಗಳವೇ ಇಲ್ಲವೆಂದಲ್ಲ, ಶಾಲೆಯಲ್ಲಿ ಸ್ವೀಡಿಷನ್ನು ಎಲ್ಲರೂ ಕಲಿಯಲೇಬೇಕೆಂಬ ನಿಯಮದ ಬಗ್ಗೆ ಗೊಣಗಾಟ ಇಂದಿಗೂ ನಿಂತಿಲ್ಲ.

ಇಂಥ ಚರಿತ್ರೆಯುಳ್ಳ ಭಾಷೆಯ ದಿನಬಳಕೆ ಹೊರಗಿನವರಿಗೆ ಒರಟಾಗಿ ಕೇಳುತ್ತದೆ. ಇಂಗ್ಲಿಷಿನ ‘ಪ್ಲೀಸ್’ಗೆ ಅಲ್ಲಿ ಸರಿಯಾದ ಒಂದು ಪದವಿಲ್ಲ. ‘ಕಾಫಿ ಸಿಗಬಹುದೇ?’ ಎಂಬ ಕ್ರಿಯಾರೂಪದಲ್ಲೇ ವಿನಯ ಅಡಗಿದೆ. ನಮ್ಮ ‘ದಯವಿಟ್ಟು’ ಅರ್ಜಿಗಳಲ್ಲಿ ಹೊರತು ಮನೆಯಲ್ಲಿ ಎಲ್ಲಿ ಕೇಳುತ್ತದೆ? ‘ಸ್ವಲ್ಪ ನೀರು ಕೊಡ್ತೀರಾ’ ಎಂದರೆ ಸಾಕಲ್ಲ! ‘ಇಲ್ಲ’ ಎಂಬ ಪದಕ್ಕೂ ಅವರಲ್ಲಿ ಪುರುಷಪ್ರತ್ಯಯಗಳುಂಟು: ನಾನಾದರೆ ‘ಎನ್’, ನೀನಾದರೆ ‘ಎತ್’, ನಾವಾದರೆ ‘ಎಮ್ಮೆ’. (ನಗಬಾರದು.) ಒಲ್ಲೆ, ಒಲ್ಲೆವು, ಒಲ್ಲರು ಎಂಬ ನಮ್ಮ ರೂಪಗಳನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರವಲ್ಲ. ಕರಡಿಯ ಹೆಸರನ್ನು ಹಿಂದಿನವರು ಕಾಡಿನಲ್ಲಿ ಎತ್ತುತ್ತಿರಲಿಲ್ಲ. ‘ಜೇನಿನ ಅಂಗೈಯವನು’ ಎಂದು ಮರೆಮಾಡಿ ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಹಾವಿಗೆ ‘ಹುಳ’ ಎಂದಂತೆ.

ನೀನು-ನೀವುಗಳ ತೊಡಕು ಅಲ್ಲಿಯೂ ಇತ್ತು. ‘ಸಿನ’ ಎಂದರೆ ನೀನು, ‘ತೆ’ ಎಂದರೆ ನೀವು. 1960ರ ದಶಕದ ಕೊನೆಯಿಂದ ಮುಂದಕ್ಕೆ ‘ತೆ’ ಬೇಗ ಬೇಗ ಹಿಂದೆ ಸರಿಯಿತು. ವಿದ್ಯಾರ್ಥಿ ಅಧ್ಯಾಪಕನನ್ನು ಏಕವಚನದಲ್ಲಿ ಕರೆಯುವುದು ಇಂದು ಅಲ್ಲಿ ಸಾಮಾನ್ಯ. (ನಮ್ಮ ಕಾಲೇಜಿನಲ್ಲಿ ಊಹಿಸಿಕೊಂಡು ನೋಡಿದೆ, ಆಗಲಿಲ್ಲ.) ಎರಡೂ ಬೇಡವಾದಾಗ ಕರ್ತೃಪದವನ್ನೇ ಬಿಟ್ಟು ‘ಇಲ್ಲಿ ಕೂರಬಹುದೇ?’ ಎನ್ನುವ ಜಾಣತನವೂ ಅವರಿಗೆ ಗೊತ್ತು. ಬೀಗರ ಕಡೆಯ ಹುಡುಗನನ್ನು ‘ಯಾವಾಗ ಬಂದದ್ದು?’ ಎಂದು ಕೇಳಿ ಪಾರಾಗುವ ನಮ್ಮವರು ಅದನ್ನು ಮೆಚ್ಚಿಯಾರು.

ಕೊನೆಯದಾಗಿ ಸರ್ವನಾಮದ ಸಂಗತಿ. ಅವನು, ಅವಳು ಎಂಬ ಭೇದ ಫಿನ್ನಿಶಿನಲ್ಲಿಲ್ಲ. ಇಬ್ಬರಿಗೂ ‘ಹ್ಯಾನ್’ ಒಂದೇ. ಇದು ಬರಹದ ಮಾತು. ಬಾಯಿಮಾತಿನಲ್ಲಿ ಹೆಂಡತಿ, ಮೇಲಧಿಕಾರಿ, ಮಂತ್ರಿ ಯಾರೇ ಆಗಲಿ ‘ಸೆ’ ಎನ್ನುತ್ತಾರೆ, ಹಾಗೆಂದರೆ ‘ಅದು’. ನಮ್ಮಲ್ಲಿ ಮಂತ್ರಿಗಳನ್ನು ‘ಅದು’ ಎಂದರೆ ಗತಿ ಏನಾದೀತು! ಅಲ್ಲಿ ಅದರಲ್ಲಿ ತಿರಸ್ಕಾರವೇನೂ ಇಲ್ಲ. ತುಂಬಾ ಮುದ್ದು ಬಂದಾಗ ಕೆಲವರು ‘ಹ್ಯಾನ್’ ಎನ್ನುವುದುಂಟು, ಮನೆಯ ನಾಯಿಗೆ.